ಮೈಸೂರೋ ಬೆಂಗಳೂರೋ: ಹೆಸರಿನಾಚೆಯ ಪ್ರಶ್ನೆಗಳು

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಯಿತೆಂದರೆ ನಮ್ಮಲ್ಲಿ ಚರ್ಚೆಯೆಲ್ಲ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಸೀಟುಗಳ ಸುತ್ತಲೇ ಸುತ್ತುತ್ತದೆ. ಯಾವ ಕಾಲೇಜಿನಲ್ಲಿ ಎಷ್ಟು ಸೀಟುಗಳಿವೆ, ಕಳೆದ ವರ್ಷ ಎಷ್ಟನೆಯ ರ್‍ಯಾಂಕಿಗೆ ಯಾವ ವಿಭಾಗ ದೊರೆಯಿತು, ಶುಲ್ಕವೆಷ್ಟು ಎಂಬ ವಿವರಗಳನ್ನು ಪರೀಕ್ಷಾ ಪ್ರಾಧಿಕಾರವೇ ಪ್ರಕಟಿಸುತ್ತದೆ. ಆದರೆ ಬಿ.ಎ., ಬಿ.ಕಾಂ. ಅಥವಾ ಬಿ.ಎಸ್‌ಸಿ. ಓದಲು ಹೊರಟ ವಿದ್ಯಾರ್ಥಿಗಳಿಗೆ ಇಂಥ ಯಾವ ದಾರಿದೀಪವೂ ಇಲ್ಲ. ಸಂಖ್ಯೆಯಲ್ಲಿ ದೊಡ್ಡದಾದ ಈ ಸಮೂಹ ತನ್ನ ಮುಂದಿನ ಮೂರು ವರ್ಷಗಳನ್ನು ನಿರ್ಧರಿಸುವುದು ನೆರೆಮನೆಯವರ ಮಾತು, ಸೋದರಮಾವನ ಸಲಹೆ, ಊರಿನ ಮೇಷ್ಟರ ಅಭಿಪ್ರಾಯ ಹಾಗೂ ಕೈಯಲ್ಲಿರುವ ಹಣ ಇವಿಷ್ಟರ ಆಧಾರದ ಮೇಲೆ.

ಉದಾಹರಣೆಗೆ, ಮದ್ದೂರಿನ ಆಸುಪಾಸಿನ ಹಳ್ಳಿಯೊಂದರ ಕುಟುಂಬವನ್ನು ಕಲ್ಪಿಸಿಕೊಳ್ಳಿ. ರೈಲು ಹಳಿ ಒಂದೇ. ಒಂದು ದಿಕ್ಕಿಗೆ ಮೈಸೂರು, ಇನ್ನೊಂದು ದಿಕ್ಕಿಗೆ ಬೆಂಗಳೂರು. ಮನೆಯಲ್ಲಿ ಪದವಿ ಮೆಟ್ಟಿಲೇರುತ್ತಿರುವ ಮೊದಲ ಮಗಳು. 'ಮೈಸೂರು ಯೂನಿವರ್ಸಿಟಿಯ ಡಿಗ್ರಿಗೆ ತೂಕ ಹೆಚ್ಚು' ಎಂದು ಒಬ್ಬರು ಹೇಳಿದರೆ, 'ಬೆಂಗಳೂರಿನಲ್ಲಿ ಓದಿದರೆ ಕೆಲಸ ಬೇಗ ಸಿಗುತ್ತದೆ' ಎಂದು ಇನ್ನೊಬ್ಬರು. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳೇ, ಎರಡಕ್ಕೂ ದೊಡ್ಡ ಹೆಸರಿದೆ. ಹಾಗಿದ್ದರೆ ಆಯ್ಕೆ ಯಾವ ಆಧಾರದ ಮೇಲೆ ನಡೆಯಬೇಕು?

ಮೊದಲು ಈ ಹೆಸರುಗಳ ಹಿನ್ನೆಲೆಯನ್ನು ನೋಡೋಣ. ಮೈಸೂರು ಸಂಸ್ಥಾನದ ಕಾಲೇಜುಗಳು ಒಂದು ಕಾಲಕ್ಕೆ ಮದರಾಸು ವಿಶ್ವವಿದ್ಯಾಲಯಕ್ಕೆ ಒಳಪಟ್ಟಿದ್ದವು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಆರಂಭದಲ್ಲಿ ಅದರ ಆಧಾರಸ್ತಂಭಗಳು ಎರಡು: ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು. ಕಲೆ ಮತ್ತು ಮಾನವಿಕ ವಿಷಯಗಳು ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನಲ್ಲಿ ಎಂಬುದು ಆಗಿನ ಏರ್ಪಾಡು. 1964ರಲ್ಲಿ ಸೆಂಟ್ರಲ್ ಕಾಲೇಜು ಹಾಗೂ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜನ್ನು ತಳಹದಿಯಾಗಿಸಿಕೊಂಡು ಬೆಂಗಳೂರು ವಿಶ್ವವಿದ್ಯಾಲಯ ಪ್ರತ್ಯೇಕವಾಯಿತು. ಅಂದರೆ ಇಂದು ಪರಸ್ಪರ ಹೋಲಿಸಲಾಗುತ್ತಿರುವ ಈ ಎರಡು ಸಂಸ್ಥೆಗಳು ಒಂದೇ ಬಳ್ಳಿಯ ಕಾಯಿಗಳು. ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರು ಎರಡೂ ಕಾಲೇಜುಗಳಲ್ಲಿ ಪಾಠ ಮಾಡಿದವರು. ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಮಾನಸ ಗಂಗೋತ್ರಿಗೆ ರೂಪ ಕೊಟ್ಟವರು. ಇಂದಿಗೂ ಎರಡೂ ವಿಶ್ವವಿದ್ಯಾಲಯಗಳು ನಡೆಯುತ್ತಿರುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000 ಎಂಬ ಒಂದೇ ಕಾನೂನಿನ ಅಡಿಯಲ್ಲಿ.

ಈ ಚರಿತ್ರೆ ಹೆಮ್ಮೆಪಡುವಂಥದ್ದು. ಆದರೆ ಮದ್ದೂರಿನ ಆ ವಿದ್ಯಾರ್ಥಿನಿ ನಾಳೆ ಕುಳಿತುಕೊಳ್ಳಬೇಕಾದ ಬೆಂಚು ಈ ಚರಿತ್ರೆಯಲ್ಲಿಲ್ಲ. ಏಕೆಂದರೆ ಪದವಿ ಹಂತದಲ್ಲಿ ವಿಶ್ವವಿದ್ಯಾಲಯ ಎಂಬುದರ ಅರ್ಥವೇ ಬೇರೆ.

1857ರಲ್ಲಿ ಕಲ್ಕತ್ತ, ಬೊಂಬಾಯಿ ಮತ್ತು ಮದರಾಸಿನಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದಾಗ ಅವುಗಳಿಗೆ ಮಾದರಿಯಾದದ್ದು ಅಂದಿನ ಲಂಡನ್ ವಿಶ್ವವಿದ್ಯಾಲಯ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಪರೀಕ್ಷೆ ನಡೆಸಿ ಪದವಿ ನೀಡುವುದು ವಿಶ್ವವಿದ್ಯಾಲಯದ ಕೆಲಸ. ಕಾಲಾಂತರದಲ್ಲಿ ನಮ್ಮ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಬೋಧನೆ ಮತ್ತು ಸಂಶೋಧನೆಯನ್ನು ತಾವೇ ಕೈಗೆತ್ತಿಕೊಂಡವಾದರೂ ಪದವಿ ಶಿಕ್ಷಣದ ಮಟ್ಟಿಗೆ ಆ ಹಳೆಯ ಸಂಯೋಜನಾ ಪದ್ಧತಿಯೇ ಉಳಿದುಕೊಂಡಿತು. ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಅಂಕಪಟ್ಟಿ ಮತ್ತು ಘಟಿಕೋತ್ಸವ ವಿಶ್ವವಿದ್ಯಾಲಯದ್ದು. ಅಧ್ಯಾಪಕರು, ತರಗತಿ, ಪ್ರಯೋಗಾಲಯ, ಗ್ರಂಥಾಲಯ ಮತ್ತು ಶೌಚಾಲಯ ಕಾಲೇಜಿನದು.

ಈ ಪದ್ಧತಿ ಎಷ್ಟು ಹಿಗ್ಗಿತೆಂಬುದಕ್ಕೆ ಬೆಂಗಳೂರು ವಿಶ್ವವಿದ್ಯಾಲಯವೇ ಸಾಕ್ಷಿ. ಆರುನೂರಕ್ಕೂ ಹೆಚ್ಚು ಸಂಯೋಜಿತ ಕಾಲೇಜುಗಳ ಭಾರ ಹೊತ್ತಿದ್ದ ಅದನ್ನು 2017ರಲ್ಲಿ ಮೂರು ಭಾಗ ಮಾಡಲಾಯಿತು. ಜ್ಞಾನಭಾರತಿ ಮೂಲ ವಿಶ್ವವಿದ್ಯಾಲಯಕ್ಕೆ ಉಳಿಯಿತು. ಸೆಂಟ್ರಲ್ ಕಾಲೇಜಿನ ಆವರಣ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯದ ನೆಲೆಯಾಯಿತು. ಅದು ಮುಂದೆ ಬೆಂಗಳೂರು ನಗರ ವಿಶ್ವವಿದ್ಯಾಲಯವೆನಿಸಿತು. 2025-26ರ ರಾಜ್ಯ ಬಜೆಟ್‌ನಲ್ಲಿ ಅದಕ್ಕೆ ಮಾಜಿ ಪ್ರಧಾನಿ ಮನಮೋಹನ್ ಸಿಂಗ್ ಅವರ ಹೆಸರಿಡುವ ಘೋಷಣೆಯಾಯಿತು. ಮೂರನೆಯದು ಕೋಲಾರದಲ್ಲಿ ಕೇಂದ್ರಸ್ಥಾನವಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಹೀಗಾಗಿ 'ಬೆಂಗಳೂರಿನಲ್ಲಿ ಓದುತ್ತೇನೆ' ಎಂದು ಹೊರಟವರ ಕಾಲೇಜು ಈ ಮೂರರಲ್ಲಿ ಯಾವುದರ ವ್ಯಾಪ್ತಿಗಾದರೂ ಬರಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಪದವಿ ಪಡೆದವರ ಪೈಕಿ ಜ್ಞಾನಭಾರತಿಯ ಸಾವಿರಕ್ಕೂ ಹೆಚ್ಚು ಎಕರೆ ಆವರಣದೊಳಗೆ ಒಂದು ಪಾಠವನ್ನೂ ಕೇಳದವರು ಎಷ್ಟೋ ಮಂದಿ. ಮೈಸೂರಿನ ಸಂಯೋಜಿತ ಕಾಲೇಜುಗಳ ಪದವೀಧರರಿಗೂ ಮಾನಸ ಗಂಗೋತ್ರಿಗೂ ಇರುವ ನಂಟು ಇಷ್ಟೇ.

ಹೀಗಿರುವಾಗ 'ಮೈಸೂರು ವಿಶ್ವವಿದ್ಯಾಲಯ ಒಳ್ಳೆಯದೋ ಬೆಂಗಳೂರು ವಿಶ್ವವಿದ್ಯಾಲಯ ಒಳ್ಳೆಯದೋ' ಎಂಬ ಪ್ರಶ್ನೆಗೆ ಪದವಿ ಹಂತದಲ್ಲಿ ಸರಿಯಾದ ಉತ್ತರ ದೊರೆಯುವುದು ಕಷ್ಟ. ಕೇಳಬೇಕಾದದ್ದು ಯಾವ ಕಾಲೇಜು, ಯಾವ ವಿಷಯ, ಯಾರು ಪಾಠ ಮಾಡುತ್ತಾರೆ ಎಂದು.

ಇದಕ್ಕೊಂದು ಮಹತ್ವದ ಅಪವಾದವಿದೆ. ಮೈಸೂರಿನ ಮಹಾರಾಜ ಕಾಲೇಜು ಮತ್ತು ಯುವರಾಜ ಕಾಲೇಜು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳು. ಅಂದರೆ ವಿಶ್ವವಿದ್ಯಾಲಯವೇ ಅವುಗಳನ್ನು ನಡೆಸುತ್ತದೆ. 1928ರಲ್ಲಿ ಆರಂಭವಾದ ಯುವರಾಜ ಕಾಲೇಜು ವಿಜ್ಞಾನಕ್ಕೆ ಹೆಸರಾದದ್ದು, ಸ್ವಾಯತ್ತ ಸ್ಥಾನಮಾನವನ್ನೂ ಪಡೆದದ್ದು. ಇಲ್ಲಿ ಸೇರುವವರ ಪಾಲಿಗೆ ವಿಶ್ವವಿದ್ಯಾಲಯವೆಂಬುದು ಅಂಕಪಟ್ಟಿಯ ಮೇಲಿನ ಮುದ್ರೆಯಷ್ಟೇ ಆಗಿರುವುದಿಲ್ಲ. ಅವರು ನೇರವಾಗಿ ಅದರ ಅಂಗಳಕ್ಕೇ ಬಂದಿರುತ್ತಾರೆ. ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂತೂ ಇನ್ನೊಂದು ಬಗೆಯದು. 1963ರಿಂದ ಮೈಸೂರಿನಲ್ಲಿರುವ ಈ ಕೇಂದ್ರ ಸಂಸ್ಥೆಯಲ್ಲಿ ಪದವಿ ಮತ್ತು ಶಿಕ್ಷಕ ತರಬೇತಿಯನ್ನು ಒಟ್ಟಿಗೆ ನೀಡುವ ನಾಲ್ಕು ವರ್ಷಗಳ ಕೋರ್ಸುಗಳು ನಡೆದುಬಂದಿದ್ದು, ಪದವಿಯನ್ನು ಕೊಡುತ್ತ ಬಂದಿರುವುದು ಮೈಸೂರು ವಿಶ್ವವಿದ್ಯಾಲಯ. ಇವುಗಳಲ್ಲಿ ಪ್ರವೇಶ ದೊರೆಯುವಂತಿದ್ದರೆ ಮೈಸೂರಿನ ಪರವಾದ ವಾದಕ್ಕೆ ಗಟ್ಟಿಯಾದ ನೆಲೆ ಸಿಗುತ್ತದೆ. ದೊರೆಯದಿದ್ದರೆ, ಮೈಸೂರು ವಿಶ್ವವಿದ್ಯಾಲಯದ ಹೆಸರೊಂದನ್ನೇ ನೆಚ್ಚಿ ಅಧ್ಯಾಪಕರಿಲ್ಲದ ಸಂಯೋಜಿತ ಕಾಲೇಜಿಗೆ ಸೇರುವುದರಲ್ಲಿ ಹುರುಳಿಲ್ಲ. ಬೆಂಗಳೂರಿನ ಮಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ.

ಶ್ರೇಣೀಕರಣಗಳ ನೆರವು ಪಡೆಯಬಾರದೇ ಎಂದು ಕೇಳಬಹುದು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಪ್ರಕಟವಾಗುತ್ತಿದೆ. ವಿಶ್ವವಿದ್ಯಾಲಯಗಳ ವಿಭಾಗದಲ್ಲಿ ಬೋಧನೆ ಹಾಗೂ ಸಂಪನ್ಮೂಲಕ್ಕೆ ನೂರಕ್ಕೆ 30, ಸಂಶೋಧನೆ ಮತ್ತು ವೃತ್ತಿಪರ ಸಾಧನೆಗೆ ಇನ್ನೊಂದು 30 ಅಂಕಗಳ ತೂಕವಿದೆ. ಪ್ರಾಧ್ಯಾಪಕರ ಪ್ರಬಂಧಗಳು ಎಷ್ಟು ಪ್ರಕಟವಾದವು, ಎಷ್ಟು ಉಲ್ಲೇಖಗೊಂಡವು ಎಂಬುದು ಪಿಎಚ್.ಡಿ. ಮಾಡಬಯಸುವವರಿಗೆ ಮುಖ್ಯ. ಸಂಯೋಜಿತ ಕಾಲೇಜಿನಲ್ಲಿ ಬಿ.ಕಾಂ. ಓದುವ ಹುಡುಗನಿಗೆ ಅದರಿಂದಾಗುವ ಲಾಭ ಅತ್ಯಲ್ಪ. ಎನ್‌ಐಆರ್‌ಎಫ್ ಕಾಲೇಜುಗಳಿಗಾಗಿಯೇ ಪ್ರತ್ಯೇಕ ಪಟ್ಟಿ ಮಾಡುತ್ತದೆ. ನೋಡುವುದಾದರೆ ಅದನ್ನು ನೋಡಬೇಕು. ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿಯಿರುವ ನ್ಯಾಕ್ ಸಂಸ್ಥೆಯ ಮಾನ್ಯತೆಯದೂ ಇದೇ ಕಥೆ. ವಿಶ್ವವಿದ್ಯಾಲಯಕ್ಕೆ ದೊರೆತ ಶ್ರೇಣಿ ಅದರ ವಿಭಾಗಗಳದೇ ಹೊರತು ಸಂಯೋಜಿತ ಕಾಲೇಜುಗಳದಲ್ಲ. ಕಾಲೇಜು ತನ್ನ ಮಾನ್ಯತೆಯನ್ನು ತಾನೇ ಬೇರೆಯಾಗಿ ಗಳಿಸಬೇಕು. ಪ್ರವೇಶ ಪ್ರಕಟಣೆಯ ಫಲಕದಲ್ಲಿ ದಪ್ಪಕ್ಷರದಲ್ಲಿರುವ ಶ್ರೇಣಿ ಯಾರಿಗೆ ಸಂದದ್ದು, ಯಾವ ವರ್ಷ ಸಂದದ್ದು ಎಂದು ವಿಚಾರಿಸುವುದು ಒಳಿತು.

ಹಾಗಾದರೆ ನೋಡಬೇಕಾದದ್ದೇನು? ಮೊದಲನೆಯದು ಅಧ್ಯಾಪಕರು. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆದುಬಂದಿರುವುದು ಬಹಿರಂಗ ಸತ್ಯ. ಇವರಲ್ಲಿ ಅನೇಕರು ಪ್ರತಿಭಾವಂತರು, ನಿಷ್ಠೆಯಿಂದ ದುಡಿಯುವವರು. ದೋಷವಿರುವುದು ಅವರಲ್ಲಲ್ಲ, ನೇಮಕದ ಕ್ರಮದಲ್ಲಿ. ವರ್ಷ ವರ್ಷವೂ ಹೊಸದಾಗಿ ನೇಮಕವಾಗಬೇಕು. ಆ ಪ್ರಕ್ರಿಯೆ ತಡವಾದರೆ ಸೆಮಿಸ್ಟರ್ ಆರಂಭವಾದರೂ ತರಗತಿಗಳು ಆರಂಭವಾಗುವುದಿಲ್ಲ. ಹದಿನೈದು ಹದಿನಾರು ವಾರಗಳ ಸೆಮಿಸ್ಟರ್‌ನಲ್ಲಿ ಐದಾರು ವಾರ ಹೀಗೆ ಕಳೆದುಹೋದರೆ ಉಳಿದ ಪಾಠ ಪ್ರಶ್ನೋತ್ತರ ಮಾಲಿಕೆಯ ಪಾಲು. ಆದ್ದರಿಂದ ತಾವು ಆರಿಸಿಕೊಳ್ಳುವ ವಿಷಯಕ್ಕೆ ಕಾಯಂ ಅಧ್ಯಾಪಕರು ಎಷ್ಟಿದ್ದಾರೆ, ಅತಿಥಿ ಉಪನ್ಯಾಸಕರು ಎಷ್ಟಿದ್ದಾರೆ, ಕಳೆದ ವರ್ಷ ತರಗತಿಗಳು ಯಾವ ತಿಂಗಳಲ್ಲಿ ಶುರುವಾದವು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಪೋಷಕರಿಗೂ ಇದೆ. ಪ್ರಾಂಶುಪಾಲರಿಗಿಂತ ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ ಉತ್ತರ ಇನ್ನೂ ನಿಖರವಾಗಿರುತ್ತದೆ.

ಎರಡನೆಯದು ವಿಷಯಗಳ ಜೋಡಣೆ. ಒಂದೇ ಬಿ.ಎಸ್‌ಸಿ. ಪದವಿಯಾದರೂ ಎಲ್ಲ ಕಾಲೇಜುಗಳಲ್ಲಿ ಎಲ್ಲ ಜೋಡಣೆಗಳೂ ಇರುವುದಿಲ್ಲ. ಭೂಗರ್ಭಶಾಸ್ತ್ರ, ಸಂಖ್ಯಾಶಾಸ್ತ್ರ, ಮನಃಶಾಸ್ತ್ರ, ಭಾಷಾವಿಜ್ಞಾನದಂಥ ವಿಷಯಗಳು ಕೆಲವೇ ಕಾಲೇಜುಗಳಲ್ಲಿವೆ. ಹತ್ತಿರದ ಕಾಲೇಜಿನಲ್ಲಿ ದೊರೆತದ್ದನ್ನೇ ತಮ್ಮ ಆಸಕ್ತಿಯೆಂದು ಒಪ್ಪಿಕೊಂಡವರು ಎಷ್ಟೋ ಮಂದಿ. ಬೇಕಾದ ವಿಷಯ ಒಂದು ನಗರದಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದೊಂದೇ ಕಾರಣ ಆಯ್ಕೆಗೆ ಸಾಕು.

ಮೂರನೆಯದು ಪರೀಕ್ಷೆಯ ವೇಳಾಪಟ್ಟಿ. ಇದು ಮಾತ್ರ ನಿಜಕ್ಕೂ ವಿಶ್ವವಿದ್ಯಾಲಯದ ಹೊಣೆ, ಎರಡು ವಿಶ್ವವಿದ್ಯಾಲಯಗಳನ್ನು ಪ್ರಾಮಾಣಿಕವಾಗಿ ಹೋಲಿಸಬಹುದಾದ ಅಂಶವೂ ಹೌದು. ಅಂತಿಮ ಸೆಮಿಸ್ಟರ್ ಫಲಿತಾಂಶ ಎರಡು ತಿಂಗಳು ತಡವಾದರೆ ಸ್ನಾತಕೋತ್ತರ ಪ್ರವೇಶ, ಬಿ.ಇಡಿ. ಪ್ರವೇಶ, ನೌಕರಿಯ ಅರ್ಜಿ ಎಲ್ಲವೂ ಕೈತಪ್ಪಬಹುದು; ಬಡ ವಿದ್ಯಾರ್ಥಿಯ ಪಾಲಿಗೆ ಅದು ಒಂದು ವರ್ಷದ ಸಂಪಾದನೆ. ಕಳೆದ ಎರಡು ವರ್ಷ ಫಲಿತಾಂಶ ಯಾವ ದಿನ ಬಂತು, ಅಂಕಪಟ್ಟಿ ಕೈಸೇರಿದ್ದು ಯಾವಾಗ ಎಂಬ ಪ್ರಶ್ನೆ ವಿಶ್ವವಿದ್ಯಾಲಯದ ವಯಸ್ಸಿಗಿಂತ ಮುಖ್ಯವಾದದ್ದು.

ಇನ್ನು ಹಣದ ಮಾತು. ಸರ್ಕಾರಿ ಕಾಲೇಜುಗಳಲ್ಲಿ ಬೋಧನಾ ಶುಲ್ಕಕ್ಕಿಂತ ವಾಸ ಮತ್ತು ಊಟದ ಖರ್ಚೇ ದೊಡ್ಡದು. ಬೆಂಗಳೂರಿನಲ್ಲಿ ಖಾಸಗಿ ಪಿ.ಜಿ.ಯಲ್ಲಿ ಉಳಿಯುವುದಾದರೆ ಪದವಿಯ ನಿಜವಾದ ಬೆಲೆ ಅದೇ. ಆದ್ದರಿಂದ ಹಿಂದುಳಿದ ವರ್ಗಗಳ ಅಥವಾ ಸಮಾಜ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿ ಸ್ಥಾನ ಸಿಗುವ ಸಾಧ್ಯತೆ ಯಾವ ನಗರದಲ್ಲಿ ಹೆಚ್ಚು ಎಂಬುದನ್ನು ಕಾಲೇಜಿನ ಅರ್ಜಿಗೆ ಮುನ್ನವೇ ವಿಚಾರಿಸಬೇಕು. ವಿದ್ಯಾರ್ಥಿನಿಲಯ ದೊರೆಯದವರಿಗೆ ಊಟ-ವಸತಿಯ ನೆರವಾಗಿ 2013ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯಡಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಸಹಾಯಧನ ನೀಡಲಾಗುತ್ತಿತ್ತು. ಅಂಥ ನೆರವಿನಿಂದ ಹಳ್ಳಿಯ ಹುಡುಗನೊಬ್ಬ ಮಹಾನಗರದಲ್ಲಿ ಬದುಕಬಲ್ಲನೇ ಎಂಬುದು ಲೆಕ್ಕ ಹಾಕಿ ನೋಡಬೇಕಾದ ಸಂಗತಿ.

ದಿನವೂ ಹೋಗಿಬರುವವರ ಲೆಕ್ಕ ಬೇರೆ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಪಾಲಿಗೆ ಬಸ್ಸಿನ ಖರ್ಚನ್ನು ಇಲ್ಲವಾಗಿಸಿತು. ಊರಿನಾಚೆಯ ಕಾಲೇಜನ್ನು ಯೋಚಿಸುವ ಧೈರ್ಯವನ್ನೂ ಕೊಟ್ಟಿತು. ಆದರೆ ಟಿಕೆಟ್ ಉಚಿತವಾದರೂ ಸಮಯ ಉಚಿತವಲ್ಲ. ದಿನಕ್ಕೆ ನಾಲ್ಕು ಗಂಟೆ ಪ್ರಯಾಣದಲ್ಲೇ ಕಳೆದರೆ ಗ್ರಂಥಾಲಯಕ್ಕೆ ಉಳಿಯುವುದೇನು? ಸಂಜೆಯ ಪ್ರಯೋಗಾಲಯದ ಅವಧಿ ಮುಗಿಯುವ ಮುನ್ನವೇ ಕೊನೆಯ ಬಸ್ಸಿಗೆ ಓಡುವ ವಿದ್ಯಾರ್ಥಿನಿ ಕಲಿಯುವುದೆಷ್ಟು? ಮಗಳನ್ನು ದೂರ ಕಳಿಸಲು ಹಿಂಜರಿಯುವ ಪೋಷಕರ ಆತಂಕವನ್ನು ಹಳ್ಳಿಯ ಮೂಢತನವೆಂದು ತಳ್ಳಿಹಾಕುವುದು ಸುಲಭ. ವಿದ್ಯಾರ್ಥಿನಿಲಯದಲ್ಲಿ ಸುರಕ್ಷಿತವಾದ ಒಂದು ಹಾಸಿಗೆ ಖಚಿತವಾದರೆ ಆ ಆತಂಕದ ಬಹುಪಾಲು ತಾನಾಗಿಯೇ ಕರಗುತ್ತದೆ ಎಂಬುದನ್ನು ನಮ್ಮ ಆಡಳಿತ ಗಮನಿಸಬೇಕು.

ನಗರಗಳು ಕೊಡುವ ಶಿಕ್ಷಣವೂ ಒಂದಿದೆ. ಬೆಂಗಳೂರಿನಲ್ಲಿ ದುಡಿಯುತ್ತ ಓದಬಯಸುವವರಿಗೆ ಸಂಜೆ ಕಾಲೇಜುಗಳಿವೆ, ಉದ್ಯಮಗಳ ಸಾಮೀಪ್ಯವಿದೆ, ರಂಗಭೂಮಿ, ಉಪನ್ಯಾಸ, ಸಂಶೋಧನಾ ಸಂಸ್ಥೆಗಳ ಒಡನಾಟ ಬಯಸಿದವರಿಗೆ ಅದೂ ಇದೆ. ಮೈಸೂರಿನಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳೆಲ್ಲ ಒಂದು ಸಣ್ಣ ಸುತ್ತಳತೆಯೊಳಗಿವೆ. ಕಡಿಮೆ ಖರ್ಚಿನಲ್ಲಿ, ಓದಿಗೆ ಹೆಚ್ಚು ಸಮಯ ಉಳಿಸಿಕೊಂಡು ಬದುಕಬಹುದಾದ ಊರು ಅದು. ಭಾಷೆ, ಚರಿತ್ರೆ, ಸಮಾಜವಿಜ್ಞಾನಗಳ ಕಡೆ ಒಲವಿದ್ದು, ವಸತಿಯ ವ್ಯವಸ್ಥೆಯೂ ಆಗುವಂತಿದ್ದರೆ ಮದ್ದೂರಿನ ವಿದ್ಯಾರ್ಥಿನಿ ಮೈಸೂರಿನ ಘಟಕ ಕಾಲೇಜನ್ನು ಮೊದಲು ಪ್ರಯತ್ನಿಸುವುದು ಮೇಲು. ಓದಿನ ಜೊತೆಗೆ ಸಂಪಾದನೆಯೂ ಅನಿವಾರ್ಯವೆಂದಾದರೆ ಬೆಂಗಳೂರಿನ ವಾದ ಬಲವಾಗುತ್ತದೆ.

ಒಂದು ಸಮಾಧಾನದ ಸಂಗತಿಯನ್ನೂ ಹೇಳಬೇಕು. ಕಾನೂನಿನ ದೃಷ್ಟಿಯಲ್ಲಿ ಎರಡೂ ಪದವಿಗಳಿಗೆ ಸಮಾನ ಬೆಲೆ. ಲೋಕಸೇವಾ ಆಯೋಗ, ಬ್ಯಾಂಕಿಂಗ್ ನೇಮಕಾತಿ, ಬಿ.ಇಡಿ. ಪ್ರವೇಶ ಇವ್ಯಾವುವೂ ಪದವಿ ಮೈಸೂರಿನದೋ ಬೆಂಗಳೂರಿನದೋ ಎಂದು ಭೇದ ಮಾಡುವುದಿಲ್ಲ. ಅವಧಿಯಲ್ಲಿಯೂ ವ್ಯತ್ಯಾಸವಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಡಿ ಬಂದ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆಯನ್ನು ಕೈಬಿಟ್ಟು ರಾಜ್ಯ ಸರ್ಕಾರ 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಇದು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆಲ್ಲ ಅನ್ವಯಿಸುವ ತೀರ್ಮಾನ. ಇನ್ನು, ಪದವಿಯ ಆಯ್ಕೆ ಬದುಕಿನ ಕೊನೆಯ ಆಯ್ಕೆಯೂ ಅಲ್ಲ. ಮನೆಗೆ ಹತ್ತಿರದ, ಒಳ್ಳೆಯ ಅಧ್ಯಾಪಕರಿರುವ ಕಾಲೇಜಿನಲ್ಲಿ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಮಾನಸ ಗಂಗೋತ್ರಿಗೋ ಜ್ಞಾನಭಾರತಿಗೋ ಹೋಗುವ ದಾರಿ ಎಲ್ಲರಿಗೂ ತೆರೆದಿದೆ. ವಿಶ್ವವಿದ್ಯಾಲಯದ ಹೆಸರು, ಗ್ರಂಥಾಲಯ, ಪ್ರಾಧ್ಯಾಪಕರ ವಿದ್ವತ್ತು ನಿಜವಾಗಿ ಕೈಗೆಟುಕುವುದು ಆಗ.

ಆದರೆ ಈ ವಿಚಾರಣೆಯ ಭಾರವನ್ನೆಲ್ಲ ಹದಿನೆಂಟರ ಹರೆಯದವರ ಹೆಗಲಿಗೆ ಹೊರಿಸಿ ವ್ಯವಸ್ಥೆ ಕೈತೊಳೆದುಕೊಳ್ಳಬಹುದೇ? ಸರ್ಕಾರವೇ ತನ್ನ ವಿಶ್ವವಿದ್ಯಾಲಯಗಳ ವಿಷಯದಲ್ಲಿ ತೂಗುಯ್ಯಾಲೆಯಲ್ಲಿದ್ದುದನ್ನು ನಾವು ಕಂಡಿದ್ದೇವೆ. ಮಂಡ್ಯವೂ ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಹುಟ್ಟಿದವು. ಅವುಗಳಿಗೆ ಸಾಕಷ್ಟು ಜಾಗ, ಹಣ, ಹುದ್ದೆಗಳು ದೊರೆಯುವ ಮೊದಲೇ, 2025ರ ಫೆಬ್ರುವರಿಯಲ್ಲಿ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಶಿಫಾರಸು ಸಚಿವ ಸಂಪುಟದ ಉಪಸಮಿತಿಯಿಂದ ಹೊರಬಿತ್ತು. ತನ್ನ ಪದವಿ ಪತ್ರದ ಮೇಲೆ ಕೊನೆಗೆ ಯಾರ ಮುದ್ರೆ ಬೀಳುತ್ತದೆ ಎಂದು ವಿದ್ಯಾರ್ಥಿ ಕೇಳುವಂತಾದದ್ದು ಯಾವ ಸರ್ಕಾರಕ್ಕೂ ಶೋಭೆಯಲ್ಲ.

ಪರಿಹಾರ ದುಬಾರಿಯಾದದ್ದೇನೂ ಅಲ್ಲ. ಪ್ರವೇಶದಿಂದ ಫಲಿತಾಂಶದವರೆಗಿನ ವ್ಯವಹಾರವನ್ನು 2021ರಿಂದ ಏಕೀಕೃತ ವಿಶ್ವವಿದ್ಯಾಲಯ ಹಾಗೂ ಕಾಲೇಜು ನಿರ್ವಹಣಾ ವ್ಯವಸ್ಥೆಗೆ ಒಳಪಡಿಸಲಾಗಿದೆ. ಅಂದರೆ ಯಾವ ಕಾಲೇಜಿನಲ್ಲಿ ಯಾವ ವಿಷಯಕ್ಕೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಪರೀಕ್ಷೆ ಬರೆದರು, ಎಷ್ಟು ಮಂದಿ ತೇರ್ಗಡೆಯಾದರು, ಫಲಿತಾಂಶ ಯಾವ ದಿನ ಹೊರಬಿತ್ತು ಎಂಬುದನ್ನು ಒಟ್ಟುಗೂಡಿಸುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ. ಇದರ ಜೊತೆಗೆ ಮಂಜೂರಾದ ಅಧ್ಯಾಪಕ ಹುದ್ದೆಗಳು, ಭರ್ತಿಯಾದವು, ಅತಿಥಿ ಉಪನ್ಯಾಸಕರ ಸಂಖ್ಯೆ, ವಿದ್ಯಾರ್ಥಿನಿಲಯದ ಸ್ಥಾನಗಳು ಮತ್ತು ಎಲ್ಲ ಶುಲ್ಕಗಳ ಒಟ್ಟು ಮೊತ್ತವನ್ನು ಸೇರಿಸಿ, ಪ್ರತಿ ಕಾಲೇಜಿಗೆ ಒಂದು ಪುಟದಂತೆ ಕನ್ನಡದಲ್ಲಿ, ಪಿಯುಸಿ ಫಲಿತಾಂಶಕ್ಕೆ ಮುನ್ನವೇ ಪ್ರಕಟಿಸುವುದನ್ನು ಕಡ್ಡಾಯಗೊಳಿಸಬೇಕು. ತಪ್ಪು ಮಾಹಿತಿ ನೀಡಿದ ಕಾಲೇಜಿನ ಸಂಯೋಜನೆಯನ್ನು ನವೀಕರಿಸಬಾರದು. ಎಂಜಿನಿಯರಿಂಗ್ ಸೀಟು ಬಯಸುವವರಿಗೆ ಸಿಗುವ ಸೌಜನ್ಯ ಬಿ.ಎ. ಓದುವವರಿಗೂ ಸಿಗಬೇಕಾದದ್ದು ನ್ಯಾಯ.

ಅಂಥ ಪುಟಗಳು ಹೊರಬಂದ ದಿನ ಖಾಲಿ ಹುದ್ದೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಅವುಗಳನ್ನು ತುಂಬುವ ಒತ್ತಡವೂ ಹುಟ್ಟುತ್ತದೆ. ಅಲ್ಲಿಯವರೆಗೆ ಪೋಷಕರು ಮಾಡಬಹುದಾದ ಕೆಲಸವೊಂದಿದೆ. ಅರ್ಜಿ ತುಂಬುವ ಮುನ್ನ ಒಂದು ಕೆಲಸದ ದಿನ, ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ, ಮಗಳನ್ನೋ ಮಗನನ್ನೋ ಕರೆದುಕೊಂಡು ಆ ಕಾಲೇಜಿಗೆ ಹೋಗಿ ಬನ್ನಿ. ಎಷ್ಟು ಕೊಠಡಿಗಳಲ್ಲಿ ಪಾಠ ನಡೆಯುತ್ತಿದೆ, ಗ್ರಂಥಾಲಯದ ಬಾಗಿಲು ತೆರೆದಿದೆಯೇ, ಪ್ರಯೋಗಾಲಯದಲ್ಲಿ ಯಾರಾದರೂ ಇದ್ದಾರೆಯೇ ಎಂದು ನೋಡಿ. ಮೈಸೂರೋ ಬೆಂಗಳೂರೋ ಎಂಬುದನ್ನು ಆಮೇಲೆ ನಿರ್ಧರಿಸಿದರೆ ಸಾಕು.